ಒತ್ತಿ ಕಳಿಸಿದ ದಿಂಬು

ದಸ್ತಗೀರ್ ಸಾಬರು ನಕ್ಕರೆ ಹುಬ್ಬಿನಿಂದ ಅರಳೆ ಉದುರುತ್ತಿತ್ತು. ಗಡ್ಡದ ಬಿಳುಪಿನಲ್ಲಿ ಕೂದಲೆಷ್ಟು, ಅರಳೆಯೆಷ್ಟು ಎಂಬುದು ಅವರ ಹೆಂಡತಿಗೂ ಗೊತ್ತಿರಲಿಲ್ಲವಂತೆ. ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಗಾದಿ ಅಂಗಡಿ. ಸೊರಬದ ಕಡೆಯಿಂದ ಬರುವ ಬೂರುಗದ ಅರಳೆಯನ್ನು ಹಿಂಜಿ, ದಿಂಬಿಗೆ ತುಂಬಿ, ಬಾಯಿ ಹೊಲಿದ ಮೇಲೆ ಅದರ ಬೆನ್ನು ತಟ್ಟಿ "ಏಳು, ಏಳು" ಎನ್ನುತ್ತಿದ್ದರು. ಏಳದ ದಿಂಬನ್ನು ಬಿಚ್ಚಿ ಮತ್ತೆ ಹಿಂಜುತ್ತಿದ್ದರು. ಗಿರಾಕಿ ಬಾಗಿಲಲ್ಲಿ ನಿಂತು ಗೊಣಗಿದರೂ ಅವರಿಗೆ ಲೆಕ್ಕವಿಲ್ಲ.

ನಾನು ಪಕ್ಕದ ಮಳಿಗೆಯಲ್ಲಿ ಬಟ್ಟೆ ಹೊಲಿಯುವವಳು. ಫೋಮ್ ಹಾಸಿಗೆಗಳು ಬಂದು ಅವರು ನೊಣ ಹೊಡೆಯುತ್ತ ಕೂರುವ ಹಾಗಾದಾಗ, "ಸಾಬ್ರೇ, ಮಕ್ಕಳ ದಿಂಬು ಆನ್‌ಲೈನ್‌ನಲ್ಲಿ ಮಾರೋಣ. ಗವಸು ನಂದು, ಅರಳೆ ನಿಮ್ದು" ಎಂದೆ. ಅಂಗಡಿ ಮುಚ್ಚುವ ಯೋಚನೆಯಲ್ಲಿದ್ದ ಮನುಷ್ಯ ತಕ್ಷಣ ಒಪ್ಪಿದರು. "ಅರಳೆಗೆ ತೂಕ ಎಲ್ಲೈತೆ ತಂಗಿ? ಊದಿದ್ರೆ ಹಾರೋಗ್ತೈತೆ. ಕಳ್ಸಾಕೆ ಏನು ಮಹಾ ಖರ್ಚು?" ನನಗೂ ಹಾಗೆಯೇ ಅನ್ನಿಸಿತ್ತು.

ಮೊದಲ ಆರ್ಡರಿನ ಎರಡು ದಿಂಬುಗಳನ್ನು, ನಲುಗಬಾರದೆಂದು, ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಅವರೇ ಹೊತ್ತು ಕೊರಿಯರ್ ಕಚೇರಿಗೆ ತಂದರು. ಅಲ್ಲಿನ ಹುಡುಗಿ ತಕ್ಕಡಿ ಬಿಟ್ಟು ಟೇಪ್ ಹಿಡಿದಳು. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಗುಣಿಸಿ ಒಂದು ತೂಕ ಕಟ್ಟುತ್ತೇವೆ, ತಕ್ಕಡಿಯ ತೂಕಕ್ಕಿಂತ ಅದು ಹೆಚ್ಚಿದ್ದರೆ ಅದಕ್ಕೇ ದರ ಎಂದು ಬಿಡಿಸಿ ಹೇಳಿದಳು. ಕಳಿಸುವ ಖರ್ಚು ದಿಂಬಿನ ಬೆಲೆಯನ್ನೂ ಮೀರಿತ್ತು. ಸಾಬರು ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದರು. "ನೋಡಮ್ಮ, ಒಳಗಿರೋದು ಬರೀ ಗಾಳಿ."

"ಗಾಳಿಗೂ ಲಾರೀಲಿ ಜಾಗ ಬೇಕಲ್ಲ ಅಜ್ಜಾ" ಎಂದಳು ಆಕೆ.

ಸಾಬರು ಪೆಟ್ಟಿಗೆಯನ್ನು ಮತ್ತೆ ಹೊತ್ತುಕೊಂಡು ವಾಪಸು ಹೊರಟರು. ಅಂಗಡಿ ಹತ್ತಿರ ಬಂದ ಮೇಲೆ, "ಆ ಹುಡುಗಿ ಹೇಳಿದ್ದು ಖರೇನೇ. ಆದ್ರೆ ಗಾಳಿ ತುಂಬೋದೇ ನನ್ನ ಕಸುಬು, ಅಲ್ವಾ ತಂಗಿ?" ಎಂದರು.

ಉಳಿದದ್ದು ಒಂದೇ ದಾರಿ, ಗಾಳಿ ಹೀರಿ ಚಪ್ಪಟೆ ಮಾಡುವ ಪ್ಲಾಸ್ಟಿಕ್ ಚೀಲ. ಅದನ್ನು ತಂದ ದಿನ ಸಾಬರು ಎದ್ದು ನಿಂತರು. "ನೀನೇ ಒತ್ತು. ನಾನು ಚಾ ಕುಡ್ದು ಬರ್ತೀನಿ." ಮರಳಿ ಬಂದು ದಿಂಬನ್ನು ಎತ್ತಿ ನೋಡಿ, "ರೊಟ್ಟಿ ಮಾಡಿಟ್ಟೀಯಲ್ಲ" ಎಂದು ಮುಖ ತಿರುಗಿಸಿದರು. ಪೆಟ್ಟಿಗೆ ಸಣ್ಣದಾಯಿತು, ಖರ್ಚು ಇಳಿಯಿತು, ಆರ್ಡರುಗಳು ಬಂದವು, ಅಂಗಡಿ ಉಳಿಯಿತು. ಸಾಬರ ನಿದ್ದೆ ಮಾತ್ರ ಹೋಯಿತು. ಎಲ್ಲೋ ಯಾರದೋ ಮನೆಯಲ್ಲಿ ಬಿಚ್ಚಿದ ದಿಂಬು ಎದ್ದಿತೋ ಇಲ್ಲವೋ ಎಂಬ ಚಿಂತೆ ಅವರಿಗೆ ಹತ್ತಿಕೊಂಡಿತು. ಒಂದನ್ನು ಅವರ ಕಣ್ಣೆದುರೇ ಬಿಚ್ಚಿ, ಬಿಸಿಲಿಗೆ ಹಾಕಿ ಎಬ್ಬಿಸಿ ತೋರಿಸಿದೆ. "ಇದು ಮನೇಲೇ ಇದ್ದಿದ್ದು. ವಾರಗಟ್ಟಲೆ ಲಾರೀಲಿ ಬಿದ್ದು ಬಂದಿದ್ದು ಎದ್ರೆ ಹೇಳು" ಎಂದರು. ಗಿರಾಕಿಗಳು ಕೊಟ್ಟ ಐದು ಚುಕ್ಕಿಗಳನ್ನು ಫೋನಿನಲ್ಲಿ ತೋರಿಸಿದರೆ, "ಚುಕ್ಕಿ ಯಾಕೆ ತೋರಿಸ್ತಿ? ದಿಂಬು ತೋರ್ಸು" ಎನ್ನುತ್ತಿದ್ದರು. ದಿಂಬಿನ ಫೋಟೋ ಕಳಿಸುವಷ್ಟು ಪುರುಸೊತ್ತು ಯಾವ ಬಾಣಂತಿಗಿದೆ? ಅವರ ಈ ಕೊರಗಿಗೆ ನಗುತ್ತಿದ್ದೆ. ಆ ಕೊರಗಿಗಾಗಿಯೇ ಅವರನ್ನು ಬಹಳ ಇಷ್ಟಪಡುತ್ತಲೂ ಇದ್ದೆ.

ಉಬ್ಬಸ ಹೆಚ್ಚಾಗಿ, ಇನ್ನು ಅರಳೆ ಹಿಂಜಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಅವರು ಆನವಟ್ಟಿಯ ಮಗಳ ಮನೆಗೆ ಹೋದರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅಂಗಡಿಯನ್ನು ಈಗ ಅವರ ತಮ್ಮ ನಡೆಸುತ್ತಾರೆ. ಕೆಲಸ ಚೆನ್ನಾಗಿಯೇ ಇದೆ, ಆದರೆ ಅಲ್ಲಿ ದಿಂಬಿನ ಜೊತೆ ಮಾತಾಡುವವರಿಲ್ಲ.

ಅವರು ತೀರಿಕೊಳ್ಳುವುದಕ್ಕೆ ಮುಂಚಿನ ಬೇಸಿಗೆಯಲ್ಲಿ, ಅವರೇ ತುಂಬಿಟ್ಟಿದ್ದ ದಿಂಬೊಂದನ್ನು ಒತ್ತಿ, ಸಣ್ಣ ಪೆಟ್ಟಿಗೆಗೆ ಹಾಕಿ, ಆನವಟ್ಟಿಗೆ ಅವರ ಹೆಸರಿಗೇ ಕೊರಿಯರ್ ಮಾಡಿದ್ದೆ. ಬಸ್ಸು ಹತ್ತಿದರೆ ನಾನೇ ಕೊಟ್ಟು ಬರುವಷ್ಟು ಹತ್ತಿರದ ಊರು. ಪೆಟ್ಟಿಗೆ ಯಾವ್ಯಾವ ಗೋದಾಮು ಸುತ್ತಿತೋ, ವಾರ ಕಳೆದು ಮುಟ್ಟಿತು. "ಬಂತು ತಂಗಿ. ಬಿಸಿಲಿಗೆ ಹಾಕೀನಿ" ಎಂದು ಸಾಬರು ಫೋನ್ ಮಾಡಿದರು. ದನಿಯಲ್ಲಿ ಅಳುಕಿತ್ತು. ಸಂಜೆ ಮತ್ತೆ ಅವರ ಫೋನ್ ಬರಲಿಲ್ಲ. ಮಾರನೆಯ ಬೆಳಿಗ್ಗೆ ತಡೆಯಲಾರದೆ ನಾನೇ ಮಾಡಿದೆ. ಮಗಳು ಎತ್ತಿದಳು.

"ದಿಂಬು ಎದ್ದಿತಾ?" ಎಂದು ಕೇಳಿದೆ.

"ದಿಂಬು ನಿನ್ನೇನೇ ಎದ್ದೈತಕ್ಕಾ" ಎಂದು ಅವಳು ನಗು ತಡೆದುಕೊಂಡು ಪಿಸುಗುಟ್ಟಿದಳು. "ಅಪ್ಪನೇ ಇನ್ನೂ ಎದ್ದಿಲ್ಲ. ಗೊರಕೆ ಕೇಳ್ತೈತಾ?"