ಪಲ್ಪರ್ ನಿಲ್ಲಬಾರದೆಂದು

ಸುಮಿತ್ರಾ, ನಿನಗೆ ಫೋನ್ ಬಂದಿತ್ತು. ಬಂದಿಲ್ಲ ಎಂದು ನಾನು ಸುಳ್ಳು ಹೇಳಿದೆ.

ಆರು ವರ್ಷದಿಂದ ಇಷ್ಟನ್ನು ಹೇಳಲು ನಿನ್ನೆದುರು ಬಾಯಿ ತೆರೆದು, ಪ್ರತಿಸಲ ಮಳೆಯ ವಿಷಯವನ್ನೋ ಪಲ್ಪರ್ ಯಂತ್ರದ ಬೆಲ್ಟಿನ ವಿಷಯವನ್ನೋ ಮಾತಾಡಿ ಎದ್ದು ಹೋಗಿದ್ದೇನೆ. ಹೆಸರಿಗೆ ಕಾಫಿ ತೋಟದ ಲೆಕ್ಕ ಬರೆಯುವ ರೈಟರ್. ನನ್ನದೇ ಒಂದು ಮಾತು ಬರೆಯಲು ಇಷ್ಟು ಕಾಲ ಹಿಡಿಯಿತು.

ಮುಂಬೈಯಿಂದ ಅಹಮದಾಬಾದಿಗೆ ದೇಶದ ಮೊದಲ ಬುಲೆಟ್ ರೈಲಿನ ದಾರಿ ಕಟ್ಟುವವರಲ್ಲಿ ಕೆಲಸಕ್ಕೆ ನೀನು ಅರ್ಜಿ ಹಾಕಿದ್ದೆ. ಸೇತುವೆಯ ತೊಲೆ ಎತ್ತುವ ಯಂತ್ರಗಳಿಗೆ ಫಿಟ್ಟರ್ ಬೇಕಿತ್ತು, ನೀನು ಐಟಿಐ ಮುಗಿಸಿದ್ದೆ. ಕೆಲಸದವರ ಲೈನ್ ಮನೆಗಳಲ್ಲಿ ನೆಟ್‌ವರ್ಕ್ ಇಲ್ಲವೆಂದು, ಎಲ್ಲರಂತೆ ನೀನೂ ತೋಟದ ಆಫೀಸಿನ ನಂಬರ್ ಕೊಟ್ಟಿದ್ದೆ. ಅಂದರೆ ನನ್ನ ಮೇಜಿನ ಫೋನು — ನನ್ನನ್ನು ನಂಬಿ.

ಅವರ ಕರೆ ಬಂದದ್ದು ಅರೇಬಿಕಾ ಕಾಫಿಯ ಕೊಯ್ಲಿನ ನಡುವೆ. ಹಣ್ಣು ಒಮ್ಮೆಲೇ ಕೆಂಪಾಗಿತ್ತು, ಮೇಲೆ ಮೋಡ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸದಿದ್ದರೆ ರಾಶಿ ಬಿಸಿಯಾಗಿ ಹುಳಿ ವಾಸನೆ ಹಿಡಿಯುತ್ತದೆ. ಆ ಹಳೇ ಯಂತ್ರವೋ, ನಿನ್ನನ್ನು ಬಿಟ್ಟರೆ ಯಾರ ಕೈಗೂ ಬಗ್ಗುತ್ತಿರಲಿಲ್ಲ. "ಗುರುವಾರದೊಳಗೆ ಬಂದು ಸೇರಬೇಕು, ಇಲ್ಲದಿದ್ರೆ ಬೇರೆಯವರಿಗೆ ಹೋಗುತ್ತೆ" ಎಂದರು ಆ ಕಡೆಯವರು. "ಹೇಳ್ತೀನಿ ಸಾರ್" ಎಂದೆ. ಕೊಯ್ಲು ಮುಗಿಯಲಿ, ಆಮೇಲೆ ಹೇಳೋಣ ಅಂತ — ಇಲ್ಲ, ಅದೂ ಪೂರ್ತಿ ನಿಜವಲ್ಲ. ಕೊಯ್ಲು ಗುರುವಾರಕ್ಕೆ ಮುಗಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅದೇ ಸಂಜೆ ನೀನು ಪಲ್ಪರ್ ತೊಳೆದು, ಒದ್ದೆ ಕೈ ಒರೆಸಿಕೊಳ್ಳುತ್ತಾ ಆಫೀಸಿನ ಬಾಗಿಲಿಗೆ ಬಂದೆ.

"ರೈಟ್ರೇ, ಫೋನೇನಾದ್ರೂ ಬಂತಾ?"

"ಇಲ್ಲ ಮಾರಾಯ್ತಿ. ಅಷ್ಟು ದೊಡ್ಡ ಕೆಲ್ಸಕ್ಕೆ ನಮ್ಮಂಥೋರನ್ನ ಯಾರು ಕರೀತಾರೆ?"

ಇಲ್ಲ ಎಂದಿದ್ದರೇ ಸಾಕಿತ್ತು. ಉಳಿದದ್ದನ್ನು ಯಾಕೆ ಹೇಳಿದೆನೋ — ನೀನು ಮತ್ತೆ ಕೇಳಬಾರದು ಎಂದಿರಬೇಕು. ನೀನು ಮತ್ತೆ ಕೇಳಲಿಲ್ಲ. ಬೇರೆಲ್ಲೂ ಅರ್ಜಿಯನ್ನೂ ಹಾಕಲಿಲ್ಲ. ಆ ವರ್ಷ ಸಿಪ್ಪೆ ಬಿಡಿಸಿದ ಪಾರ್ಚ್‌ಮೆಂಟ್ ಕಾಫಿ ಚೆನ್ನಾಗಿ ಒಣಗಿತೆಂದು ಯಜಮಾನರು ನನ್ನ ಬೆನ್ನು ತಟ್ಟಿದರು. ನಾನು ಹಲ್ಲು ಕಿರಿದೆ. ನೆನೆದರೆ ಅಸಹ್ಯವಾಗುತ್ತದೆ.

ಹೋದ ವಾರ ಬಾಳೂರಿನಿಂದ ಬರುವಾಗ ಜೀಪಿನಲ್ಲಿ ನೀನು ಮೊಬೈಲ್ ನನ್ನ ಮುಂದೆ ಹಿಡಿದೆ. ಉದ್ದಕ್ಕೂ ಕಂಬಗಳು, ಮೇಲೆ ಹಳಿ. "ನೋಡಿ ರೈಟ್ರೇ, ನನ್ನ ರೈಲು!" ಎಂದು ನಕ್ಕೆ. ಅದನ್ನೂ ನುಂಗಿಕೊಂಡು ಇದ್ದುಬಿಡುತ್ತಿದ್ದೆನೇನೋ. ಆದರೆ ಇವತ್ತು ಮಧ್ಯಾಹ್ನ ನಿನ್ನ ತಂಗಿ ಮಮತಾ ಒಂದು ಫಾರಂ ಹಿಡಿದು ಬಂದಳು. ಅದೇ ರೈಲಿನ ಸಿಗ್ನಲ್ ಕೆಲಸಕ್ಕಂತೆ. ನಾಳೆಯೊಳಗೆ ಮೂಡಿಗೆರೆಯ ಸೈಬರ್ ಅಂಗಡಿಯಲ್ಲಿ ಹಾಕಬೇಕಂತೆ. ಫೋನ್ ನಂಬರೊಂದು ಬಿಟ್ಟು ಎಲ್ಲ ತುಂಬಿದ್ದಳು.

"ಅಕ್ಕ ಬೇಡ ಅಂತಾಳೆ. ಅಷ್ಟು ದೊಡ್ಡ ಕೆಲ್ಸಕ್ಕೆ ನಮ್ಮಂಥೋರನ್ನ ಯಾರು ಕರೀತಾರೆ ಅಂತಾಳೆ. ಹೌದಾ ರೈಟ್ರೇ?"

ನನ್ನದೇ ಮಾತು, ಒಂದಕ್ಷರ ಬದಲಾಗದೆ.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ಅವಳನ್ನು ಬೆಂಚಿನ ಮೇಲೆ ಕೂರಿಸಿ ಇದನ್ನು ಬರೆದಿದ್ದೇನೆ — ಬಾಯಲ್ಲಿ ಹೇಳಹೊರಟರೆ ಮತ್ತೆ ಬೆಲ್ಟಿನ ಮಾತಿಗೆ ಇಳಿದುಬಿಡುತ್ತೇನೆ. ಈಗ ಅವಳ ಜೊತೆಗೇ ನಿನ್ನಲ್ಲಿಗೆ ಬರುತ್ತಿದ್ದೇನೆ. ಪಲ್ಪರ್ ನಿಲ್ಲಿಸು, ಹಣ್ಣಿನ ರಾಶಿ ಕಾಯಲಿ. ಇದನ್ನು ಓದು. ಆಮೇಲೆ ತಂಗಿಯ ಫಾರಂ ತುಂಬಿಸು — ಆದರೆ ಈ ಸಲ ಅದರಲ್ಲಿ ನನ್ನ ಆಫೀಸಿನ ನಂಬರ್ ಬರೆಯಬೇಡಿ.