ಕೋಳಿ ಹೋಗದ ಪಂಚಾಯ್ತಿ

ಹುಣಸಗಿ ಹತ್ತಿರದ ನಮ್ಮ ಊರಿನಲ್ಲಿ ಕಾಲುವೆಗೆ ಇಳಿಯಲು ಮೆಟ್ಟಿಲು ಇರುವುದು ಒಂದೇ ಕಡೆ. ಬಟ್ಟೆ ಒಗೆಯಲು ಮೇಲಿನ ಓಣಿಯ ರೈತರ ಮನೆಯವರೂ ಅಲ್ಲಿಗೇ ಬರುತ್ತಾರೆ, ಕೂಲಿಗೆ ಹೋಗುವ ನಮ್ಮ ಕೆಳಗಿನ ಓಣಿಯವರೂ ಬರುತ್ತಾರೆ. ಒಂದು ಬೇಸಿಗೆಯಲ್ಲಿ, ಅಲ್ಲಿದ್ದ ಒಂದೇ ಒಗೆಯುವ ಕಲ್ಲಿಗಾಗಿ ನಮ್ಮ ಅವ್ವನಿಗೂ ಮೇಲಿನ ಓಣಿಯ ಒಬ್ಬ ಹೆಂಗಸಿಗೂ ಜಗಳ ಹತ್ತಿತು. ಆಕೆ ಅವ್ವನ ಬಟ್ಟೆಬುಟ್ಟಿಯನ್ನು ನೀರಿಗೆ ಎಸೆದಳು. ಅವ್ವ ಕೈಯಲ್ಲಿದ್ದ ಬಡಿಗೆಯಿಂದ ಹೊಡೆದಳು. ಆಕೆಯ ಮುಂಗೈ ಬಾತುಕೊಂಡಿತು. ಸಂಜೆಯೊಳಗೆ ಹೆಂಗಸರ ಜಗಳ ಗಂಡಸರದಾಯಿತು. ಓಣಿಗಳು ಹೊಡೆದಾಡುವ ಮುಂಚೆ ರಾಜಿ ಮಾಡಿಸಬೇಕೆಂದು ಹಿರಿಯರು ಮರುದಿನ ಗುಡಿಯ ಕಟ್ಟೆಗೆ ಕರೆದರು. ಕರೆ ಬಂದದ್ದು ಗಂಡಸರಿಗೆ ಮಾತ್ರ.

ಮಗಳಾದ ನಾನು ಶಹಾಪುರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಆಗ ರಜೆಗೆ ಊರಿಗೆ ಬಂದಿದ್ದೆ. ಹಿರಿಯರು ಏನು ಹೇಳಿದರೂ ಒಪ್ಪಿಕೊಂಡು ಬರುತ್ತೇನೆ ಎಂದು ಅಪ್ಪ ಹೊರಟ. ಅವ್ವ ರೊಟ್ಟಿ ಬಡಿಯುತ್ತಲೇ ಹೂಂ ಅಂದಳು. ಆ ಹೂಂ ನನಗೆ ಸಹಿಸಲಾಗಲಿಲ್ಲ. ಆಫ್ರಿಕಾದ ಪಡುವಣ ಸೀಮೆಯವರು ಹೇಳುವ ಒಂದು ಕತೆಯನ್ನು ತರಗತಿಯಲ್ಲಿ ಮಕ್ಕಳಿಗೆ ಹೇಳಿದ್ದೆ. ಅದನ್ನೇ ಅವ್ವನಿಗೂ ಹೇಳಿದೆ.

ಮನುಷ್ಯ ತಮ್ಮನ್ನು ಬಲಿ ಕೊಡುತ್ತಾನೆಂದು ಪ್ರಾಣಿಗಳು ಸಭೆ ಕರೆದವು. ಕೋಳಿ ಮಾತ್ರ ಬೇರೆ ದಿಕ್ಕಿಗೆ ಹೊರಟಿತ್ತು. ದಾರಿಯಲ್ಲಿ ಸಿಕ್ಕವರು ಕೇಳಿದರೆ, ನನಗೆ ಮನೆಗೆಲಸವಿದೆ, ನೀವು ಏನು ತೀರ್ಮಾನಿಸಿದರೂ ನನಗೆ ಒಪ್ಪಿಗೆ ಅಂದಿತು. ಸಭೆ ಬಹಳ ಶಾಂತವಾಗಿ ನಡೆಯಿತು. ಇನ್ನು ಮುಂದೆ ಬಲಿಗೆ ಕೋಳಿಯನ್ನೇ ಕೊಡುವುದೆಂದು ಮನುಷ್ಯನೊಂದಿಗೆ ರಾಜಿಯಾಯಿತು. ಯಾರೂ ತಕರಾರು ತೆಗೆಯಲಿಲ್ಲ.

ಅವ್ವ ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಇಳಿಸಿ, ಒಲೆಯ ಕಟ್ಟಿಗೆ ಹಿಂದಕ್ಕೆಳೆದು, ಸೆರಗು ಹೊದ್ದು ಹೊರಟಳು. ಕಟ್ಟೆಯ ಕಡೆಗಲ್ಲ, ಮೇಲಿನ ಓಣಿಗೆ. ನಾನೂ ಹಿಂದೆಯೇ ನಡೆದೆ. ಏಟು ತಿಂದ ಹೆಂಗಸು ಕೈಗೆ ಅರಿಶಿನ ಮೆತ್ತಿಕೊಂಡು ಬಾಗಿಲಲ್ಲಿ ಕೂತಿದ್ದವಳು ನಮ್ಮನ್ನು ನೋಡಿ ಎದ್ದು ನಿಂತಳು. ಇನ್ನೊಂದು ಸುತ್ತು ಜಗಳವೇ ಅಂದುಕೊಂಡೆ.

“ಕಟ್ಟಿ ಮ್ಯಾಲ ನಮ್ಮ ಸುದ್ದೀನೇ ಮಾತಾಡಾಕತ್ತಾರ. ನೀವು ಬರ್ತೀರೇನ್ರಿ ಅಕ್ಕಾರ, ನಾ ಒಬ್ಬಾಕಿನೇ ಹೋಗ್ಲಿ?” ಅಂದಳು ಅವ್ವ.

ಆಕೆ ಚಪ್ಪಲಿ ಮೆಟ್ಟಿಕೊಂಡಳು.

ನಾವು ಮುಟ್ಟುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ಮೆಟ್ಟಿಲಿಗೆ ಮುಳ್ಳುಬೇಲಿ, ಎರಡೂ ಓಣಿಯ ಹೆಂಗಸರು ಕಾಲುವೆಗೆ ಇಳಿಯಕೂಡದು. ಇಬ್ಬರಿಗೂ ಸಮ ಎಂದು ಹಿರಿಯರಿಗೆ ಸಮಾಧಾನ. ಮೇಲಿನ ಓಣಿಯ ಮನೆಗಳಲ್ಲಿ ಬೋರಿನ ನೀರಿತ್ತು. ನಮ್ಮ ನಳ ವಾರಗಟ್ಟಲೆ ಒಣಗಿರುತ್ತಿತ್ತು.

ಇದು ಹೆಂಗಸರು ಬರುವ ಜಾಗವಲ್ಲ, ಮನೆಗೆ ನಡೆಯಿರಿ ಎಂದರು ಒಬ್ಬ ಹಿರಿಯರು. ಅಪ್ಪ ತಲೆ ತಗ್ಗಿಸಿದ. ಅವ್ವ ಕಟ್ಟೆ ಹತ್ತಿ ಕೂತೇಬಿಟ್ಟಳು.

“ನಾ ಹೊಡದದ್ದು ಖರೆ, ತಪ್ಪಾಗ್ಯಾದ. ಇವರು ನನ್ನ ಬುಟ್ಟಿ ನೀರಿಗೆ ಒಗದದ್ದೂ ಖರೆ. ಅದನ್ನ ನಾವಿಬ್ಬರು ನೋಡ್ಕೋತೀವಿ. ಬೇಲಿ ಹಾಕಿದ್ರ ನಾ ಕಿತ್ತು ಒಗೀತೀನ್ರಿ.”

ಎಲ್ಲರೂ ಇನ್ನೊಬ್ಬಳ ಕಡೆ ತಿರುಗಿದರು. ಅವಳ ಗಂಡ ಅಲ್ಲಿಂದಲೇ ಗದರಿದ. ಆಕೆ ಅವನ ಕಡೆ ನೋಡಲಿಲ್ಲ.

“ಕೀಳಾಕ ನಾನೂ ಬರ್ತೀನಿ,” ಅಂದಳು. “ಮನ್ಯಾಗ ಒಬ್ಬಾಕಿ ಕುಂತು ಬಟ್ಟಿ ಒಗ್ಯಾಕ ನನಗಾಗಂಗಿಲ್ಲ.”

ಬೇಲಿ ಹಾಕಲು ಯಾರೂ ಬರಲಿಲ್ಲ. ಇನ್ನೊಂದು ಕಲ್ಲನ್ನು ಹೆಂಗಸರೇ ಉರುಳಿಸಿ ತಂದುಕೊಂಡರು. ಮಗಳನ್ನು ಓದಿಸಿದ್ದೇ ತಪ್ಪಾಯಿತೆಂದು ಅಪ್ಪ ಊರವರ ಮುಂದೆ ಅಂದನಂತೆ. ಕೆಲವು ದಿನ ನನ್ನೊಂದಿಗೆ ಮಾತು ಬಿಟ್ಟ. ನಾನು ಕ್ಷಮೆ ಕೇಳಲಿಲ್ಲ. ಬಾಯಿ ಮುಚ್ಚಿಸಿ ತಂದದ್ದನ್ನು ಶಾಂತಿ ಅನ್ನಲು ನನಗೆ ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ.

ಅವ್ವ ಮತ್ತು ಆಕೆ ಗೆಳತಿಯರೇನೂ ಆಗಲಿಲ್ಲ. ಹೋದ ತಿಂಗಳು ಸಾಬೂನಿನ ನೊರೆ ಯಾರ ಕಡೆ ಹರಿಯಿತೆಂದು ಗಟ್ಟಿಯಾಗಿ ಬೈದಾಡುತ್ತಿದ್ದರು. ನೆನೆದು ಭಾರವಾದ ಕೌದಿಯೊಂದರ ಎರಡು ತುದಿ ಹಿಡಿದು, ಇಬ್ಬರೂ ಸೇರಿ ಹಿಂಡುತ್ತಲೇ ಬೈಯುತ್ತಿದ್ದರು.