ಆರ್ಗನ್ನಿಗೆ ಜೀವ ಕೊಟ್ಟ ಸಿದ್ದರಾಮಪ್ಪ

ಹಡರ್ಸ್‌ಫೀಲ್ಡ್ ಎಂಬ ಇಂಗ್ಲಿಷ್ ಊರಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ವೆಂಟಿಲೇಟರು, ಇಸಿಜಿ ಯಂತ್ರಗಳನ್ನು ರಿಪೇರಿ ಮಾಡಿದ ಧಾರವಾಡದ ಸಿದ್ದರಾಮಪ್ಪನವರಿಗೆ ನಿವೃತ್ತಿ ಒಗ್ಗಲೇ ಇಲ್ಲ. ಮನೆಯ ಟೋಸ್ಟರಿನಿಂದ ಹಿಡಿದು ಗೋಡೆ ಗಡಿಯಾರದವರೆಗೆ ಎಲ್ಲವನ್ನೂ ಬಿಚ್ಚಿ ಜೋಡಿಸಿ ಮುಗಿಸಿದ್ದರು. 2016ರ ಜನವರಿಯಲ್ಲಿ ಅದೇ ಬೀದಿಯ ಮಾರ್ಗರೆಟ್ ಬಂದು ಬಾಗಿಲು ತಟ್ಟಿದರು.

ಎಪ್ಪತ್ತೊಂದು ವರ್ಷದ ಮಾರ್ಗರೆಟ್ ಹರೆಯದಲ್ಲಿ 'ಕ್ಯಾನಲ್‌ಸೈಡ್ ಫೈವ್' ಎಂಬ ಬ್ಯಾಂಡಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. 1966ರಲ್ಲಿ ಆ ಬ್ಯಾಂಡಿನ ಒಂದು ವಿರಹದ ಹಾಡು ಊರೂರಿನ ರೇಡಿಯೋಗಳಲ್ಲಿ ಮೊಳಗಿತ್ತು. ಅಲೆಅಲೆಯಾಗಿ ಏಳುವ ಆರ್ಗನ್ ದನಿಯೇ ಅದರ ಸೊಗಸು. ಹಾಡಿಗೆ ಐವತ್ತು ತುಂಬುವ ಹೊತ್ತಿಗೆ, ಐವರಲ್ಲಿ ಬದುಕಿದ್ದ ಮೂವರೂ ಸೇರಿ ಅದನ್ನು ಮತ್ತೊಮ್ಮೆ ನುಡಿಸಬೇಕೆಂದಿದ್ದರು. ಆದರೆ ಆರ್ಗನ್ ಗ್ಯಾರೇಜಿನ ತೇವಕ್ಕೆ ಕೆಟ್ಟು ಕೂತಿತ್ತು. ತೋರಿಸಿದವರೆಲ್ಲ "ಎಸೆದುಬಿಡಿ" ಎಂದಿದ್ದರು.

ಸಿದ್ದರಾಮಪ್ಪ ಹೋಗಿ ಹಿಂದಿನ ಹಲಗೆ ಬಿಚ್ಚಿ ನೋಡಿ ಬಂದು, "ಇನ್ನೂ ಜೀವಾ ಐತಿ ಅದರಾಗ," ಎಂದು ಹೆಂಡತಿಗೆ ಹೇಳಿದರು.

"ನಿಮಗ ಸಂಗೀತದ ಗಂಧಾನೂ ಇಲ್ಲಲ್ರೀ!" ಎಂದರು ರಜನಿ.

"ವೆಂಟಿಲೇಟರ್ ರಿಪೇರಿ ಮಾಡಾಕ ನಾ ಏನ್ ಡಾಕ್ಟರ್ ಆಗಿದ್ನೇನ?"

ನಾಲ್ಕು ತಿಂಗಳು ತುಕ್ಕು ಉಜ್ಜಿದರು, ವೈರು ಬೆಸೆದರು, ಸುಟ್ಟ ಬಿಡಿಭಾಗಗಳನ್ನು ಬದಲಿಸಿದರು. ಮಾರ್ಗರೆಟ್ ಒಂದೊಂದೇ ಕೀ ಒತ್ತಿ, ಕಿವಿಗೊಟ್ಟು, ಇಲ್ಲವೆಂದು ತಲೆಯಾಡಿಸುವರು. ಇವರು ಮತ್ತೆ ಬಿಚ್ಚುವರು. ಮೇ ತಿಂಗಳ ಒಂದು ಮಧ್ಯಾಹ್ನ ಎಲ್ಲ ಕೀಗಳೂ ನುಡಿದವು. ಮಾರ್ಗರೆಟ್ ಬಾಯಿಗೆ ಕೈ ಅಡ್ಡ ಹಿಡಿದು ಅತ್ತುಬಿಟ್ಟರು.

ಕಾರ್ಯಕ್ರಮ ಜೂನ್‌ನ ಒಂದು ಭಾನುವಾರ ಮಧ್ಯಾಹ್ನ. ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊನೆಗೆ ಆ ಹಾಡು ಬರಬೇಕು, ಅಷ್ಟರಲ್ಲಿ ಆರ್ಗನ್ನಿನ ಸ್ಪೀಕರಿನೊಳಗೆ ಕೊಂಬು ತಿರುಗಿಸುವ ಬೆಲ್ಟು ತುಂಡಾಯಿತು. ಸ್ಪೀಕರಿನ ಮರದ ಪೆಟ್ಟಿಗೆಯೊಳಗೆ ಆ ಕೊಂಬು ಗಿರ್ರನೆ ತಿರುಗಿದರೇ ಆ ಅಲೆಯ ದನಿ. ಇಲ್ಲದಿದ್ದರೆ ಹಾಡು ಸಪ್ಪೆ. ಬೇರೆ ಬೆಲ್ಟು ಇರಲಿಲ್ಲ. ಮಾರ್ಗರೆಟ್ ಮುಖ ಬಿಳುಚಿತು.

"ನೀವು ಶುರು ಮಾಡಿ. ನಾನು ಕೈಯಲ್ಲೇ ತಿರುಗಿಸ್ತೀನಿ," ಎಂದರು ಸಿದ್ದರಾಮಪ್ಪ.

ಪೆಟ್ಟಿಗೆಯ ಹಿಂದೆ ಮಂಡಿಯೂರಿ ಕೊಂಬನ್ನು ತಿರುಗಿಸತೊಡಗಿದರು. ಮೊದಲ ಸುತ್ತಿನಲ್ಲಿ ದನಿ ತುಸು ತೊದಲಿತು. ಮಾರ್ಗರೆಟ್‌ರ ಭುಜದ ತೂಗಾಟವನ್ನೇ ನೋಡುತ್ತ ಲಯ ಹಿಡಿದರು. ಹಾಡು ಏರಿದಂತೆ ಬಿರುಸಾದರು, ಇಳಿದಾಗ ನಿಧಾನವಾದರು. ಎರಡನೆಯ ಚರಣಕ್ಕೆ ತೋಳು ಉರಿಯತೊಡಗಿತು. ಬಿಡಲಿಲ್ಲ. ಎದುರಿಗೆ ನರೆತ ತಲೆಗಳೆಲ್ಲ ಒಟ್ಟಿಗೆ ಹಾಡುತ್ತಿದ್ದವು.

ಹಾಡು ಮುಗಿದಾಗ ಸಭೆ ಎದ್ದು ನಿಂತಿತು. ಮಾರ್ಗರೆಟ್ ಹಿಂದಕ್ಕೆ ಬಂದು, ಬೆವರಿನಲ್ಲಿ ತೊಯ್ದಿದ್ದ ಸಿದ್ದರಾಮಪ್ಪನವರನ್ನು ಎಳೆದು ಬೆಳಕಿಗೆ ತಂದರು. "ನಮ್ಮ ಬ್ಯಾಂಡಿನ ನಾಲ್ಕನೆಯವರು!" ಎಂದು ಮೈಕಿನಲ್ಲಿ ಸಾರಿದರು.

ಮೂರನೆಯ ಸಾಲಿನಿಂದ ರಜನಿ, "ಶಹಬ್ಬಾಸ್ ರೀ!" ಎಂದು ಕೂಗಿದ್ದು ಚಪ್ಪಾಳೆಯ ನಡುವೆಯೂ ಕೇಳಿಸಿತು. ಸಿದ್ದರಾಮಪ್ಪ ಕೈಮುಗಿಯಲು ಹೋದರು, ಬಲಗೈ ಏಳಲೊಲ್ಲದು. ನಗುತ್ತ ಎಡಗೈಯನ್ನೇ ಎತ್ತಿ ಬೀಸಿದರು.